ಗೋಡೆಯ ಮೇಲಿನ ನದಿಗೆ ಸ್ಕ್ರೂ ಹೊಡೆಯಬೇಡಿ: ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಕನ್ನಡ ಬಂಧುಗಳೇ,

ಪರ್ತ್, ಮೆಲ್ಬರ್ನ್, ಸಿಡ್ನಿ, ಅಡಿಲೇಡ್, ಊರು ಯಾವುದೇ ಇರಲಿ, ಇಲ್ಲಿನ ದೊಡ್ಡಾಸ್ಪತ್ರೆಗೆ ಕಾಲಿಟ್ಟರೆ ನಮ್ಮವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಡಾಕ್ಟರುಗಳಿದ್ದಾರೆ, ನರ್ಸುಗಳಿದ್ದಾರೆ, ಲ್ಯಾಬು, ಫಾರ್ಮಸಿ, ಐಟಿ ವಿಭಾಗದಲ್ಲಿ ಇರುವವರಿದ್ದಾರೆ. ಆಸ್ಪತ್ರೆ ಕಟ್ಟುವ ಕಂಪನಿಗಳಲ್ಲಿ ಆರ್ಕಿಟೆಕ್ಟ್, ಎಂಜಿನಿಯರ್ ಆಗಿ ಇರುವವರೂ ಇದ್ದಾರೆ. ಈ ಪತ್ರ ನಿಮಗೆಲ್ಲ. ನಾನು ಹಾಸನದ ಕಡೆಯವಳು, ಪರ್ತಿನಲ್ಲಿ ನರ್ಸ್. ನಾವು ದಿನಾ ಓಡಾಡುವ ಕಟ್ಟಡಗಳ ಗೋಡೆ, ಗಾಜು, ನೆಲ, ಚಾವಣಿಯ ಮೇಲೆ ಈ ನೆಲದ ಮೂಲನಿವಾಸಿ ಕಲಾವಿದರು ಮಾಡಿಟ್ಟ ಕೆಲಸದ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ.

ಇರುವ ಕಲೆಯನ್ನು ಕಾಪಾಡುವ ಹೊಣೆ ನಮ್ಮದೂ ಹೌದು. ಮುಂದೆ ಕಟ್ಟುವ ಆಸ್ಪತ್ರೆಗಳಲ್ಲಿ ನಕ್ಷೆ ಬರೆಯುವ ದಿನದಿಂದಲೇ ಆ ಕಲಾವಿದರು ಮೇಜಿನ ಮುಂದೆ ಕೂತಿರಬೇಕು ಅಂತ ಕೇಳುವ ಹೊಣೆಯೂ ನಮ್ಮದೇ. ನಾನು ಹೇಳಬೇಕಿರುವುದು ಇದನ್ನೇ.

ನಾನು ಕೆಲಸ ಮಾಡಿದ ಒಂದು ಆಸ್ಪತ್ರೆ, ಹೆಸರು ಬೇಡ. ಅಲ್ಲಿ ಹೊರರೋಗಿ ವಿಭಾಗಕ್ಕೆ ಹೋಗುವ ದಾರಿಯುದ್ದಕ್ಕೂ ಮರದ ಹಲಗೆಯ ಗೋಡೆ ಇದೆ. ಪರ್ತ್ ಸುತ್ತಲಿನ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನರ ಒಬ್ಬ ಕಲಾವಿದೆ ಆ ಹಲಗೆಗಳಲ್ಲಿ ನದಿಯನ್ನು ಕೊರೆದಿದ್ದಾರೆ. ಸಣ್ಣ ಸಣ್ಣ ಗೀರುಗಳು, ಬೆರಳಿಟ್ಟರೆ ಗೊತ್ತಾಗುವಷ್ಟೇ ಆಳ. ನದಿ ಬಾಗುವ ಕಡೆ ಗೀರುಗಳು ಒತ್ತೊತ್ತಾಗುತ್ತವೆ, ಅಗಲವಾಗುವ ಕಡೆ ಬಿಡಿಬಿಡಿಯಾಗುತ್ತವೆ. ದೂರದಿಂದ ನೋಡಿದರೆ ನೀರು ಅಲುಗಿದ ಹಾಗೇ ಕಾಣುತ್ತದೆ. ಒಂದು ದಿನ ಬೆಳಗಿನ ಪಾಳಿಗೆ ಬಂದು ನೋಡುತ್ತೇನೆ, ನದಿಯ ನಟ್ಟನಡುವೆ ಸ್ಯಾನಿಟೈಸರ್ ಡಬ್ಬಿ. ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ್ದರು. ಪಕ್ಕದಲ್ಲೇ ಪಾರ್ಕಿಂಗ್ ದರದ ನೋಟಿಸು, ಲ್ಯಾಮಿನೇಷನ್ ಮಾಡಿಸಿ ಎರಡೂ ಬದಿ ಅಂಟುವ ಟೇಪಿನಲ್ಲಿ ಅಂಟಿಸಿದ್ದರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ನನಗೆ ಗೊತ್ತು. ಡ್ರಿಲ್ ಹಿಡಿದವರಿಗೆ ಅದು ಬರೀ ಗೋಡೆಯಾಗಿ ಕಂಡಿತ್ತು. ದೂರು ಬರೆದ ಮೇಲೆ ಡಬ್ಬಿ ನಾಲ್ಕು ಹೆಜ್ಜೆ ಆಚೆ ಹೋಯಿತು. ತೂತುಗಳು ಹಾಗೇ ಉಳಿದಿವೆ. ಟೇಪು ಕಿತ್ತ ಜಾಗದಲ್ಲಿ ಪಾಲಿಶ್ ಎದ್ದು ಬಂದಿದೆ.

ಒಂದು ಡಬ್ಬಿಗೆ ಇಷ್ಟೊಂದು ರಗಳೆಯಾ ಅಂತ ಕೇಳಿದ ಸ್ನೇಹಿತರಿದ್ದಾರೆ. ಅವರಿಗೆ ನಾನು ಹೇಳುವುದು, ಆಸ್ಪತ್ರೆ ಅನ್ನುವ ಕಟ್ಟಡ ಈ ಜನಕ್ಕೆ ಏನಾಗಿತ್ತು ಅಂತ ಮೊದಲು ತಿಳಿದುಕೊಳ್ಳಿ.

ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಲ್ಲಿ, ಕಾರ್ನಾರ್ವನ್ ಊರಿನ ಎದುರಿಗೆ ಸಮುದ್ರದಲ್ಲಿ ಬರ್ನಿಯರ್, ಡೋರ್ ಅಂತ ಎರಡು ದ್ವೀಪಗಳಿವೆ. 1908ರಿಂದ 1919ರವರೆಗೆ ಅಲ್ಲಿ ಸರ್ಕಾರ ‘ಲಾಕ್ ಹಾಸ್ಪಿಟಲ್’ ನಡೆಸಿತು. ಲೈಂಗಿಕ ರೋಗ ಇದೆ ಅನ್ನುವ ಅನುಮಾನದ ಮೇಲೆ ನೂರಾರು ಮೂಲನಿವಾಸಿಗಳನ್ನು ಒಳನಾಡಿನಿಂದ ಹಿಡಿದು ತಂದರು. ಎಷ್ಟೋ ಜನರ ಕತ್ತಿಗೆ ಸರಪಳಿ ಹಾಕಿ ನಡೆಸಿಕೊಂಡು ಬಂದರು. ಗಂಡಸರು ಒಂದು ದ್ವೀಪಕ್ಕೆ, ಹೆಂಗಸರು ಇನ್ನೊಂದಕ್ಕೆ. ಬಹಳಷ್ಟು ಜನ ಮನೆಗೆ ವಾಪಸ್ ಹೋಗಲೇ ಇಲ್ಲ. ಅದಕ್ಕೂ ಹೆಸರು ಆಸ್ಪತ್ರೆ ಅಂತಲೇ ಇತ್ತು. ಆಮೇಲಿನ ದಶಕಗಳಲ್ಲೂ ಹಳ್ಳಿ ಕಡೆಯ ಎಷ್ಟೋ ಆಸ್ಪತ್ರೆಗಳಲ್ಲಿ ಇವರನ್ನು ವರಾಂಡದಲ್ಲೋ ಹಿಂದಿನ ಶೆಡ್ಡಿನಲ್ಲೋ ಮಲಗಿಸುತ್ತಿದ್ದರು. ಹೆರಿಗೆಗೆ ಬಂದ ತಾಯಿಗೆ ಇನ್ನೊಂದು ಭಯ. ಮಗುವನ್ನು ಅಧಿಕಾರಿಗಳು ಎತ್ತಿಕೊಂಡು ಹೋದರೆ? ಅದು ಸುಮ್ನೆ ಹುಟ್ಟಿದ ಭಯ ಆಗಿರಲಿಲ್ಲ. ಹಾಗೆ ಮಕ್ಕಳನ್ನು ಕಿತ್ತುಕೊಂಡ ಕಥೆಗಳೆಲ್ಲ 1997ರ ರಾಷ್ಟ್ರೀಯ ವಿಚಾರಣೆಯ ವರದಿಯಲ್ಲಿವೆ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಇದೇ ವಿಷಯಕ್ಕೆ.

ಹಾಗಾಗಿ ಇವತ್ತಿಗೂ ಚಿಕಿತ್ಸೆ ಮುಗಿಯುವ ಮೊದಲೇ ಎದ್ದು ಹೋಗುವ ರೋಗಿಗಳ ಪ್ರಮಾಣ ಮೂಲನಿವಾಸಿಗಳಲ್ಲಿ ಉಳಿದವರಿಗಿಂತ ತುಂಬಾ ಜಾಸ್ತಿ. ನಮ್ಮ ನೋಟ್ಸಿನಲ್ಲಿ ‘ವೈದ್ಯರ ಸಲಹೆ ಮೀರಿ ಹೋದರು’ ಅಂತ ಬರೆದು ಕೈತೊಳೆದುಕೊಳ್ಳುವುದು ಸುಲಭ. ಅವರು ಯಾಕೆ ಹೋದರು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅವರ ಅಜ್ಜ ಅಜ್ಜಿಯರ ಕಾಲದಲ್ಲಿದೆ. ಇನ್ನರ್ಧ ನಮ್ಮ ನಡವಳಿಕೆಯಲ್ಲಿದೆ.

ಇಂಥ ಕಟ್ಟಡದ ಬಾಗಿಲಲ್ಲಿ, ಇದು ನಿಮ್ಮ ನೆಲ, ಇಲ್ಲಿ ನೀವು ಹೊರಗಿನವರಲ್ಲ ಅಂತ ಹೇಳುವ ಕೆಲಸವನ್ನು ಯಾರು ಮಾಡಬೇಕು? ರಿಸೆಪ್ಷನ್ನಿನ ಬೋರ್ಡು ಮಾಡಲಾರದು. ಅದೇ ನೆಲದ ಕಲಾವಿದರ ಕೈ ಮಾಡಬಲ್ಲದು.

ಆ ಮರದ ಗೋಡೆಯ ಮುಂದೆಯೇ ನಾನು ಒಮ್ಮೆ ನೋಡಿದ್ದನ್ನು ಹೇಳುತ್ತೇನೆ. ರಾಜ್ಯದ ಉತ್ತರದ ತುದಿಯ ಕಿಂಬರ್ಲಿ ಕಡೆಯಿಂದ, ದೂರದ ಊರುಗಳ ರೋಗಿಗಳನ್ನು ಕರೆತರುವ ಫ್ಲೈಯಿಂಗ್ ಡಾಕ್ಟರ್ ವಿಮಾನದಲ್ಲಿ ಒಬ್ಬರು ವಯಸ್ಸಾದ ತಾಯಿಯನ್ನು ಕರೆತಂದಿದ್ದರು. ರಸ್ತೆಯಲ್ಲಿ ಬಂದರೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಮಾತಿಲ್ಲ, ಊಟದ ತಟ್ಟೆ ಹಾಗೇ ವಾಪಸ್ ಹೋಗುತ್ತಿತ್ತು. ಮೂಲನಿವಾಸಿ ರೋಗಿಗಳಿಗೂ ಆಸ್ಪತ್ರೆಗೂ ನಡುವೆ ಸೇತುವೆಯಾಗಿರುವ ನಮ್ಮ ಆಬೊರಿಜಿನಲ್ ಲಯೇಸನ್ ಆಫೀಸರ್ ಅವರನ್ನು ವೀಲ್‌ಚೇರಿನಲ್ಲಿ ಕೂರಿಸಿ ಆ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಆ ತಾಯಿ ಗೀರುಗಳ ಮೇಲೆ ಬೆರಳು ಆಡಿಸುತ್ತಾ ಹೋದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ಇದು ಯಾರ ಮನೆತನದ ನದಿ? ಆಫೀಸರ್ ಹೇಳಿದರು. ಅವರ ಯಾರೋ ನೆಂಟರಿಗೂ ಆ ಮನೆತನಕ್ಕೂ ಮದುವೆ ಸಂಬಂಧ ಇತ್ತಂತೆ. ಅಲ್ಲಿಂದ ಮಾತು ಶುರುವಾಯಿತು. ಗೋಡೆ ನೋಡಿ ಅವರ ಕಿಡ್ನಿ ವಾಸಿಯಾಯಿತು ಅಂತ ನಾನು ಹೇಳುತ್ತಿಲ್ಲ. ಅವತ್ತು ಸಂಜೆ ಅವರು ನಮ್ಮ ಹತ್ತಿರ ಮಾತಾಡಿದರು, ಎಲ್ಲಿ ನೋವು ಅಂತ ಹೇಳಿದರು. ನರ್ಸಿಂಗ್ ಮಾಡುವವರಿಗೆ ಇದರ ಬೆಲೆ ಗೊತ್ತು.

ಗಮನಿಸಿ, ಆ ನದಿ ಅವರ ಊರಿನದಲ್ಲ. ಪರ್ತ್ ಇರುವುದು ವಾಜುಕ್ ನೂಂಗಾರ್ ಜನರ ನೆಲದಲ್ಲಿ. ಕಿಂಬರ್ಲಿ, ಪಿಲ್ಬರಾ, ಗೋಲ್ಡ್‌ಫೀಲ್ಡ್ಸ್ ಕಡೆಯವರಿಗೆ ಅದು ಪರಸ್ಥಳ. ಅವರ ಭಾಷೆ ಬೇರೆ, ಕಥೆ ಬೇರೆ. ಎಲ್ಲ ಮೂಲನಿವಾಸಿಗಳಿಗೂ ಒಂದೇ ಚಿತ್ರ ಸಾಕು ಅಂದುಕೊಂಡರೆ ತಪ್ಪಾಗುತ್ತದೆ. ಆದರೆ ಪರಸ್ಥಳಕ್ಕೆ ಬಂದವರಿಗೆ ಆ ಜಾಗದ ಮನೆಯವರು ಯಾರು ಅಂತ ಗೊತ್ತಾದರೆ ಧೈರ್ಯ ಬರುತ್ತದೆ. ಈ ಜನರಲ್ಲಿ ಅದು ತುಂಬಾ ಹಳೆಯ ರೀತಿ. ಇನ್ನೊಬ್ಬರ ನೆಲಕ್ಕೆ ಕಾಲಿಡುವಾಗ ಅಲ್ಲಿನವರ ಸ್ವಾಗತ ಇರಬೇಕು.

ಪ್ರಕೃತಿ ಕಣ್ಣಿಗೆ ಬಿದ್ದರೆ ರೋಗಿಗೆ ಒಳ್ಳೆಯದು ಅನ್ನುವುದು ಹೊಸ ಮಾತೇನಲ್ಲ. 1984ರಲ್ಲಿ ರೋಜರ್ ಅಲ್ರಿಚ್ ಅನ್ನುವವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳನ್ನು 23 ಜೋಡಿ ಮಾಡಿ ಹೋಲಿಸಿದ್ದರು. ಒಬ್ಬರ ಕಿಟಕಿಯಾಚೆ ಮರಗಳು, ಇನ್ನೊಬ್ಬರ ಕಿಟಕಿಯಾಚೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸ್ವಲ್ಪ ಬೇಗ ಮನೆಗೆ ಹೋದರು, ನೋವಿಗೆ ಜೋರಾದ ಔಷಧಿಯನ್ನು ಕಡಿಮೆ ಕೇಳಿದರು. ಚಿಕ್ಕ ಅಧ್ಯಯನವೇ, ಆದರೆ ಅಲ್ಲಿಂದೀಚೆಗೆ ಆಸ್ಪತ್ರೆ ಕಟ್ಟುವವರೆಲ್ಲ ಇದನ್ನು ಎತ್ತಿ ಹೇಳುತ್ತಾರೆ. ಗೋಡೆಗೆ ಎಲೆ, ಹೂವು, ಕಡಲತೀರದ ಫೋಟೋ ಬರುವುದು ಇದೇ ಕಾರಣಕ್ಕೆ.

ಮೂಲನಿವಾಸಿ ಕಲೆಯಲ್ಲಿನ ಪ್ರಕೃತಿ ಮಾತ್ರ ಈ ಫೋಟೋಗಳ ಪ್ರಕೃತಿ ಅಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಪರ್ತ್ ಸುತ್ತಮುತ್ತ ಡಿಸೆಂಬರ್ ಹೊತ್ತಿಗೆ ಒಂದು ಮರ ಮೈತುಂಬಾ ಕಿತ್ತಳೆ ಬಣ್ಣದ ಹೂ ಬಿಡುತ್ತದೆ. ಇಂಗ್ಲಿಷಿನವರು ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ, ನೂಂಗಾರ್ ಜನ ಮೂಜಾರ್ ಅನ್ನುತ್ತಾರೆ. ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಮಕ್ಕಳ ವಾರ್ಡಿಗೆ ಇಂಥ ಹೂವಿನ ಚಿತ್ರ ಬರೆಸೋಣ ಅಂತ ಯಾವ ಡಿಸೈನರಿಗಾದರೂ ಅನಿಸೀತು. ಆದರೆ ನೂಂಗಾರ್ ನಂಬಿಕೆಯಲ್ಲಿ ಸತ್ತವರ ಆತ್ಮಗಳು ಪಶ್ಚಿಮದ ಕಡಲಾಚೆ ಹೋಗುವ ಮೊದಲು ಆ ಮರದ ಮೇಲೆ ತಂಗುತ್ತವೆ. ಆ ಹೂವನ್ನು ಕೀಳುವುದಿಲ್ಲ, ಅದರ ಕೆಳಗೆ ಕೂರುವುದಿಲ್ಲ. ಈಗ ಹೇಳಿ, ಹುಷಾರಿಲ್ಲದ ಮಗುವನ್ನು ಮಡಿಲಲ್ಲಿಟ್ಟುಕೊಂಡ ನೂಂಗಾರ್ ತಾಯಿಯ ಎದುರಿಗೆ ಆ ಹೂವನ್ನು ತೂಗುಹಾಕಬಹುದಾ? ಅದು ಹಾಕಬಹುದಾದ ಜಾಗವೂ ಆಸ್ಪತ್ರೆಯಲ್ಲಿ ಇರಬಹುದೇನೋ. ಎಲ್ಲಿ ಅಂತ ಹೇಳಬೇಕಾದವರು ಅವರ ಹಿರಿಯರು. ಚಂದ ಇದೆ ಅನ್ನುವ ಒಂದೇ ಕಾರಣಕ್ಕೆ ಆರಿಸುವ ಹಕ್ಕು ಯಾವ ಕಂಪನಿಗೂ ಇಲ್ಲ.

ಇದೇ ನೂಂಗಾರ್ ಜನರಿಗೆ ವರ್ಷದಲ್ಲಿ ಆರು ಋತು. ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಾಂಗ್. ತಾರೀಖು ನೋಡಿ ಬದಲಾಗುವ ಋತುಗಳಲ್ಲ, ಗಾಳಿ ತಿರುಗಿದಾಗ, ಗಿಡ ಹೂ ಬಿಟ್ಟಾಗ, ಹಂಸಗಳು ಗೂಡು ಕಟ್ಟಿದಾಗ ಬದಲಾಗುವಂಥವು. ಮನುಷ್ಯನ ಬದುಕಿನ ಹಂತಗಳೂ ಅದರೊಳಗೆ ಇವೆ. ಬಿರಾಕ್ ಎಳೆಯರ ಕಾಲ. ಜಿಲ್ಬಾ ಗರ್ಭ ನಿಲ್ಲುವ ಕಾಲ. ಅಕ್ಟೋಬರ್, ನವೆಂಬರಿನ ಕಂಬರಾಂಗ್ ಹುಟ್ಟಿನ ಕಾಲ, ಕಾಡುಹೂಗಳೆಲ್ಲ ಒಟ್ಟಿಗೆ ಅರಳುವ ಕಾಲ. ಆಸ್ಪತ್ರೆಯ ಒಂದೊಂದು ಮಹಡಿಗೆ ಒಂದೊಂದು ಋತು ಅಂತ ಅವರ ಕಲಾವಿದರು ಕೂತು ಯೋಚಿಸಿದರೆ ಎಂಥ ಕಟ್ಟಡ ಬರಬಹುದು ನೋಡಿ!

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಲಿ. ಈ ಚಿತ್ರಗಳು ಕೋರ್ಟು ಕಚೇರಿಯಲ್ಲಿ ಸಾಕ್ಷಿಯಾಗಿ ನಿಂತಿವೆ. 1997ರಲ್ಲಿ ಗ್ರೇಟ್ ಸ್ಯಾಂಡಿ ಮರುಭೂಮಿಯ ಹಿರಿಯರು ಎಲ್ಲರೂ ಸೇರಿ ಎಂಟು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಒಂದು ಕ್ಯಾನ್ವಾಸ್ ಬರೆದರು. ಹೆಸರು ನ್ಗುರಾರಾ. ಅವರವರ ನೀರಿನ ಗುಂಡಿ, ಮರಳದಿಬ್ಬ, ದಾರಿ ಎಲ್ಲವೂ ಅದರಲ್ಲಿತ್ತು. ಭೂಮಿಯ ಹಕ್ಕಿನ ನ್ಯಾಯಮಂಡಳಿ ಬಂದಾಗ ಒಬ್ಬೊಬ್ಬರೂ ಕ್ಯಾನ್ವಾಸಿನಲ್ಲಿ ತಮ್ಮ ಭಾಗದ ಮೇಲೆ ನಿಂತು, ತಮ್ಮ ಭಾಷೆಯಲ್ಲಿ ಹೇಳಿಕೆ ಕೊಟ್ಟರು. 2007ರಲ್ಲಿ ಅವರ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಚುಕ್ಕಿ, ಗೆರೆ, ಸುತ್ತು ಅಂತ ನಮಗೆ ಕಾಣುವುದರ ಒಳಗೆ ಒಂದು ಮನೆತನದ ಇಡೀ ಜಮೀನಿನ ಲೆಕ್ಕ ಇರುತ್ತದೆ.

ನಮ್ಮವರು ಇಂಥ ಚಿತ್ರ ನೋಡಿದ ಕೂಡಲೇ ‘ಅರೆ, ನಮ್ಮ ಚುಕ್ಕಿ ರಂಗೋಲಿ ಥರ ಇದೆ’ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಪಕ್ಕದ ಮನೆಯವರ ರಂಗೋಲಿ ನೋಡಿ ನಾವು ನಮ್ಮ ಬಾಗಿಲಲ್ಲಿ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಇಲ್ಲಿ ಹಾಗಿಲ್ಲ. ಯಾವ ಕಥೆಯನ್ನು ಯಾರು ಬರೆಯಬಹುದು, ಯಾರು ನೋಡಬಹುದು, ಗಂಡಸರ ಕಥೆ ಯಾವುದು, ಹೆಂಗಸರ ಕಥೆ ಯಾವುದು, ಎಲ್ಲಕ್ಕೂ ಕಟ್ಟುಪಾಡು ಇದೆ. 1994ರಲ್ಲಿ ಫೆಡರಲ್ ಕೋರ್ಟಿನಲ್ಲಿ ಕಾರ್ಪೆಟ್ ಕೇಸು ಅಂತಲೇ ಹೆಸರಾದ ಒಂದು ತೀರ್ಪು ಬಂತು. ಪರ್ತಿನ ಒಂದು ಕಂಪನಿ ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕೇಳದೆ ವಿಯೆಟ್ನಾಮಿನಲ್ಲಿ ಕಾರ್ಪೆಟ್ ಮಾಡಿಸಿ ಮಾರಿತ್ತು. ಅದರಲ್ಲಿ ಬಂಡುಕ್ ಮರಿಕಾ ಅವರ ಒಂದು ಚಿತ್ರವೂ ಇತ್ತು. ಪವಿತ್ರವಾದ ನೀರಿನ ಗುಂಡಿಯ ಚಿತ್ರ, ಜನ ತುಳಿದು ಓಡಾಡುವ ಕಾರ್ಪೆಟ್ಟಿನ ಮೇಲೆ! ಕೋರ್ಟು ಕಲಾವಿದರ ಪರವಾಗಿ ನಿಂತು, 1,88,000 ಡಾಲರಿಗೂ ಜಾಸ್ತಿ ಪರಿಹಾರ ಕೊಡಿಸಿತು. ಅವರ ಸಮುದಾಯದಲ್ಲಿ ಆದ ನೋವು, ಅವಮಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಆಸ್ಪತ್ರೆಯ ನೆಲಕ್ಕೆ ಡಿಸೈನ್ ಹಾಕಿಸುವ ಎಂಜಿನಿಯರುಗಳೇ, ಈ ಕೇಸನ್ನು ದಯವಿಟ್ಟು ನೆನಪಿಡಿ. ನದಿಯ ದಾರಿ ನೆಲದ ಮೇಲೆ ಬಂದರೆ ಕೆಲವರಿಗೆ ಸಂತೋಷ, ರೋಗಿಗೆ ದಾರಿ ಹುಡುಕಲೂ ಸಲೀಸು. ಇನ್ನು ಕೆಲವು ಚಿತ್ರಗಳ ಮೇಲೆ ಟ್ರಾಲಿ ಓಡಿಸುವುದು ಅಪಚಾರ. ಯಾವುದು ಯಾವುದು ಅಂತ ಸಾಫ್ಟ್‌ವೇರ್ ಹೇಳುವುದಿಲ್ಲ. ಕೇಳಿಯೇ ತಿಳಿಯಬೇಕು.

ಈಗ ಕಟ್ಟಡದ ಮಾತಿಗೆ ಬರೋಣ. ಆಸ್ಪತ್ರೆಯಲ್ಲಿ ಕಲೆ ಕಟ್ಟಡದೊಳಗೇ ಬೆರೆತಿರಬೇಕು ಅನ್ನುವುದಕ್ಕೆ ನರ್ಸಾಗಿ ನನ್ನ ಹತ್ತಿರ ಗಟ್ಟಿ ಕಾರಣ ಇದೆ. ಐಸಿಯುನಲ್ಲಿ, ಡಯಾಲಿಸಿಸ್ ಹಾಲಿನಲ್ಲಿ ಬಟ್ಟೆಯ ಕ್ಯಾನ್ವಾಸ್ ನೇತುಹಾಕಲು ಸೋಂಕು ನಿಯಂತ್ರಣದವರು ಬಿಡುವುದಿಲ್ಲ, ಬಿಡಲೂ ಬಾರದು. ಧೂಳು ಕೂರುತ್ತದೆ, ಒರೆಸಲು ಆಗುವುದಿಲ್ಲ. ಅದೇ ಚಿತ್ರ ಗಾಜಿನ ಮೇಲೆ ಸೆರಾಮಿಕ್ ಬಣ್ಣದಲ್ಲಿ ಅಚ್ಚಾಗಿ, ಕುಲುಮೆಯಲ್ಲಿ ಬೆಂದು ಗಾಜಿಗೇ ಕೂಡಿಕೊಂಡರೆ ದಿನಾ ಬ್ಲೀಚ್ ಹಾಕಿ ಒರೆಸಿದರೂ ಏನೂ ಆಗುವುದಿಲ್ಲ. ಬಿಸಿಲಿನ ಝಳವನ್ನೂ ಅದು ತಡೆಯುತ್ತದೆ. ವಿನೈಲ್ ನೆಲದಲ್ಲಿ ಬೇರೆ ಬೇರೆ ಬಣ್ಣದ ಹಾಳೆಯನ್ನು ನೀರಿನ ಜೆಟ್‌ನಿಂದ ಕತ್ತರಿಸಿ ಕೂಡಿಸಬಹುದು, ಸಂದು ಉಳಿಯದ ಹಾಗೆ ಬೆಸುಗೆ ಹಾಕಬಹುದು. ಹೊರಗೋಡೆಗೆ ಬಿಸಿಲು ತಡೆಯಲು ಹೇಗೂ ಅಲ್ಯುಮಿನಿಯಂ ತಗಡಿನ ಜಾಲರಿ ಬೇಕು. ಅದರ ತೂತುಗಳನ್ನು ಚಿಕ್ಕದು ದೊಡ್ಡದು ಮಾಡಿದರೆ ಅದೇ ಚಿತ್ರವಾಗುತ್ತದೆ, ಮಧ್ಯಾಹ್ನ ಅದರ ನೆರಳು ಕಾರಿಡಾರಿನಲ್ಲಿ ಬೀಳುತ್ತದೆ.

ಚಾವಣಿಯನ್ನು ಮರೆಯಬೇಡಿ. ಟ್ರಾಲಿಯ ಮೇಲೆ ಮಲಗಿ ಆಪರೇಷನ್ ಥಿಯೇಟರಿಗೆ ಹೋಗುವ ಮನುಷ್ಯನಿಗೆ ಕಾಣುವುದು ಅದೊಂದೇ. ಟ್ಯೂಬ್‌ಲೈಟು, ಬಿಳಿ ಹಲಗೆ, ಟ್ಯೂಬ್‌ಲೈಟು, ಬಿಳಿ ಹಲಗೆ. ಪ್ಯಾರಿಸಿನಲ್ಲಿ 2006ರಲ್ಲಿ ತೆರೆದ ಕೆ ಬ್ರಾನ್ಲಿ ಮ್ಯೂಸಿಯಮ್ಮಿನ ಒಂದು ಕಟ್ಟಡದಲ್ಲಿ ಎಂಟು ಮಂದಿ ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದರ ಕೆಲಸ ಗೋಡೆ, ಗಾಜು, ಚಾವಣಿಗಳಲ್ಲೇ ಸೇರಿಕೊಂಡಿದೆ. ಅಲ್ಲಿ ಉತ್ತರ ಆಸ್ಟ್ರೇಲಿಯಾದ ಯೊಲ್ಞು ಜನರ ಕಲಾವಿದೆ ಗುಲುಂಬು ಯುನುಪಿಂಗು ಅವರ ನಕ್ಷತ್ರಗಳು ಚಾವಣಿ ತುಂಬಾ ಇವೆ. 2013ರಲ್ಲಿ ಅದೇ ಮ್ಯೂಸಿಯಮ್ಮಿನ ಮಾಡಿನ ಮೇಲೆ ಕಿಂಬರ್ಲಿಯ ಲೀನಾ ನ್ಯಾಡ್‌ಬಿ ಅವರ ಚಿತ್ರ 700 ಚದರ ಮೀಟರಿನಷ್ಟು ದೊಡ್ಡದಾಗಿ ಬಂತು. ಬಾರಾಮುಂಡಿ ಮೀನಿನ ಹುರುಪೆಗಳ ಚಿತ್ರ, ಐಫೆಲ್ ಟವರ್ ಹತ್ತಿದವರಿಗೆ ಕಾಣುತ್ತದೆ. ಆ ಮೀನಿನ ಕಥೆ ಹುಟ್ಟಿದ ಜಾಗದಲ್ಲೇ ಆರ್ಗೈಲ್ ವಜ್ರದ ಗಣಿ ಬಂದು ಬೆಟ್ಟವನ್ನು ಅಗೆದುಹಾಕಿತು. 2020ರಲ್ಲಿ ಗಣಿ ಮುಚ್ಚಿತು. ಆ ಗಣಿಯ ವಜ್ರಗಳಲ್ಲಿ ಎಷ್ಟೋ ನಮ್ಮ ಸೂರತ್ತಿನಲ್ಲಿ ಸಾಣೆ ಹಿಡಿದವು ಅನ್ನುವುದನ್ನು ಇಲ್ಲಿ ಹೇಳದೆ ಇರಲಾರೆ. ಇರಲಿ, ಮ್ಯೂಸಿಯಮ್ಮಿನ ಚಾವಣಿಗೆ ಸಾಧ್ಯವಾದದ್ದು ಆಸ್ಪತ್ರೆಯ ಚಾವಣಿಗೆ ಯಾಕೆ ಆಗಬಾರದು?

ಇವೆಲ್ಲ ಆಗಬೇಕಾದರೆ ಕಲಾವಿದರು ಮೊದಲೇ ಬರಬೇಕು. ಗಾಜು ಆರ್ಡರ್ ಆದ ಮೇಲೆ ಗಾಜಿನಲ್ಲಿ ಚಿತ್ರ ಬರುವುದಿಲ್ಲ. ಜಾಲರಿಯ ಟೆಂಡರ್ ಮುಗಿದ ಮೇಲೆ ಅದರ ತೂತು ಬದಲಾಗುವುದಿಲ್ಲ. ಕೊನೆಗೆ ಉಳಿಯುವುದು ಲಿಫ್ಟ್ ಪಕ್ಕದ ಒಂದು ಫ್ರೇಮು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1989ರಿಂದಲೂ ಒಂದು ಒಳ್ಳೆಯ ಪದ್ಧತಿ ಇದೆ. ಸರ್ಕಾರದ ದೊಡ್ಡ ಕಟ್ಟಡಗಳ ವೆಚ್ಚದಲ್ಲಿ ಒಂದು ಪರ್ಸೆಂಟಿನವರೆಗೆ ಕಲೆಗೆ ಎತ್ತಿಡುತ್ತಾರೆ. ಹಣಕ್ಕೆ ದಾರಿ ಇದೆ ಅಂತಾಯಿತು. ಆ ಹಣ ಯಾವಾಗ, ಯಾರ ಕೈಗೆ ಹೋಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಬರೀ ಬಣ್ಣದಲ್ಲಿ ಬರೆದದ್ದಕ್ಕೆ ಏನಾಗುತ್ತದೆ ಅಂತ ಪಪುನ್ಯಾ ಊರು ತೋರಿಸಿಕೊಟ್ಟಿದೆ. ಮಧ್ಯ ಆಸ್ಟ್ರೇಲಿಯಾದ ಆ ಊರಿನ ಶಾಲೆಯ ಗೋಡೆಯ ಮೇಲೆ 1971ರಲ್ಲಿ ಹಿರಿಯರು ಜೇನಿರುವೆಯ ಚಿತ್ರ ಬರೆದರು. ಜೆಫ್ರಿ ಬಾರ್ಡನ್ ಅನ್ನುವ ಶಾಲೆಯ ಮೇಷ್ಟ್ರು ಬೆಂಬಲಕ್ಕೆ ನಿಂತಿದ್ದರು. ಇವತ್ತು ಜಗತ್ತಿನ ಗ್ಯಾಲರಿಗಳಲ್ಲಿರುವ ಮರುಭೂಮಿ ಚಿತ್ರಕಲೆಗೆ ಅಲ್ಲಿಂದಲೇ ಶುರು. ಕೆಲವೇ ವರ್ಷಕ್ಕೆ, ಕಟ್ಟಡದ ರಿಪೇರಿ ಹೆಸರಿನಲ್ಲಿ ಆ ಗೋಡೆಗೆ ಬಣ್ಣ ಬಳಿದುಬಿಟ್ಟರು. ಒಂದು ಚಳವಳಿಯೇ ಹುಟ್ಟಿದ ಗೋಡೆ ಈಗ ಫೋಟೋದಲ್ಲಿ ಮಾತ್ರ ಇದೆ.

ಅದೇ ಪಪುನ್ಯಾದ ಕಲೆ ಮುಂದೆ ಏನು ಮಾಡಿತು ಅನ್ನುವುದನ್ನು ಡಯಾಲಿಸಿಸ್ ವಾರ್ಡಿನ ನನ್ನ ಗೆಳತಿಯರಿಗೆ ನಾನು ಯಾವಾಗಲೂ ಹೇಳುತ್ತಿರುತ್ತೇನೆ. ಮರುಭೂಮಿಯ ಊರುಗಳಲ್ಲಿ ಕಿಡ್ನಿ ಕಾಯಿಲೆ ವಿಪರೀತ. ಡಯಾಲಿಸಿಸ್ ಬೇಕಾದರೆ ಊರು ಬಿಟ್ಟು ನೂರಾರು ಕಿಲೋಮೀಟರ್ ದೂರದ ಆಲಿಸ್ ಸ್ಪ್ರಿಂಗ್ಸಿಗೆ ಹೋಗಿ ಅಲ್ಲೇ ಇರಬೇಕಿತ್ತು. ಹೋದ ಹಿರಿಯರು ವಾಪಸ್ ಬರುತ್ತಿರಲಿಲ್ಲ. ಅವರ ಜೊತೆಗೆ ಕಥೆ, ಹಾಡು, ನೆಲದ ತಿಳಿವಳಿಕೆ ಎಲ್ಲ ಹೋಗುತ್ತಿತ್ತು. ಅದೇ ಪಪುನ್ಯಾ ಕಲೆಯನ್ನು ಮುಂದುವರಿಸಿದ ಕಿಂಟೋರ್, ಕಿವಿರ್ಕುರಾ ಅನ್ನುವ ಮರುಭೂಮಿ ಊರುಗಳ ಕಲಾವಿದರು ಒಟ್ಟಿಗೆ ಕೂತು ದೊಡ್ಡ ದೊಡ್ಡ ಚಿತ್ರ ಬರೆದರು. 2000ದ ನವೆಂಬರಿನಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿಯಲ್ಲಿ ಹರಾಜಾಯಿತು. ಹತ್ತು ಲಕ್ಷ ಡಾಲರಿಗೂ ಜಾಸ್ತಿ ದುಡ್ಡು ಬಂತು. ಆ ದುಡ್ಡಿನಿಂದ ಕಿಂಟೋರಿನಲ್ಲೇ ಡಯಾಲಿಸಿಸ್ ಶುರುವಾಯಿತು. ಇವತ್ತು ಪರ್ಪಲ್ ಹೌಸ್ ಅನ್ನುವ ಹೆಸರಿನಲ್ಲಿ ಆ ಸಂಸ್ಥೆ ಎಷ್ಟೋ ದೂರದ ಊರುಗಳಲ್ಲಿ ಯಂತ್ರ ನಡೆಸುತ್ತಿದೆ, ಡಯಾಲಿಸಿಸ್ ಯಂತ್ರ ಹೊತ್ತ ಟ್ರಕ್ಕೂ ಇದೆ. ಸರ್ಕಾರ ಆಗುವುದಿಲ್ಲ ಅಂದದ್ದನ್ನು ಚಿತ್ರ ಬರೆದು ಮಾಡಿ ತೋರಿಸಿದ ಜನ ಇವರು. ಕಲೆಯೂ ಆರೋಗ್ಯವೂ ಬೇರೆ ಬೇರೆ ಇಲಾಖೆ ಅಂತ ಇವರ ಮುಂದೆ ಹೇಗೆ ಹೇಳುವುದು?

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಬಾಗಿಲಲ್ಲಿ ಚಂದದ ಚಿತ್ರ ಇಟ್ಟು ಒಳಗೆ ಎಮರ್ಜೆನ್ಸಿಯಲ್ಲಿ ‘ಕುಡಿದು ಬಂದಿರಬೇಕು’ ಅಂತ ಅವರನ್ನು ಕಾಯಿಸಿದರೆ ಆ ಚಿತ್ರ ಸುಳ್ಳಾಗುತ್ತದೆ. ಮೂಲನಿವಾಸಿ ನರ್ಸುಗಳು, ಡಾಕ್ಟರುಗಳು, ಲಯೇಸನ್ ಆಫೀಸರುಗಳು ಇನ್ನೂ ಜಾಸ್ತಿ ಬೇಕು. ದೇಶದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು, ಟಾರೆಸ್ ಜಲಸಂಧಿಯ ದ್ವೀಪದವರು ಸೇರಿ ಸುಮಾರು 3.8 ಪರ್ಸೆಂಟ್. ಆಸ್ಪತ್ರೆಯ ಹಾಸಿಗೆಗಳಲ್ಲಿ ಅವರು ಕಾಣುವಷ್ಟು ನಮ್ಮ ಸ್ಟಾಫ್ ರೂಮಿನಲ್ಲಿ ಕಾಣುವುದಿಲ್ಲ. ಗೋಡೆಯ ಕೆಲಸ ಮುಗಿಯಿತು ಅಂತ ಈ ಕೆಲಸ ಮುಗಿಯುವುದಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದು ಏನು? ನಾಳೆ ಡ್ಯೂಟಿಗೆ ಹೋದಾಗ ನಿಮ್ಮ ಆಸ್ಪತ್ರೆಯ ಚಿತ್ರದ ಪಕ್ಕ ಇರುವ ಫಲಕವನ್ನು ನಿಂತು ಓದಿ. ಕಲಾವಿದರ ಹೆಸರು, ಅವರ ಜನರ ಹೆಸರು ಬಾಯಲ್ಲಿ ಬರಲಿ. ಫಲಕ ಇಲ್ಲದಿದ್ದರೆ ಹಾಕಿಸಿ ಅಂತ ಬರೆಯಿರಿ. ಚಿತ್ರದ ಮೇಲೆ ನೋಟಿಸು, ಮುಂದೆ ಕೆಟ್ಟುಹೋದ ವೀಲ್‌ಚೇರು, ತಿಂಡಿ ಮಷೀನು ಕಂಡರೆ ಸುಮ್ಮನಿರಬೇಡಿ. ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ಜುಲೈ ತಿಂಗಳ ನೇಡಾಕ್ ವಾರದಲ್ಲಿ ವಾರ್ಡಿನವರೆಲ್ಲ ಕೂತು ಚುಕ್ಕಿ ಇಟ್ಟು ‘ಆಬೊರಿಜಿನಲ್ ಆರ್ಟ್’ ಮಾಡೋಣ ಅಂದರೆ, ಅದರ ಬದಲು ಆ ದುಡ್ಡಿನಲ್ಲಿ ಒಬ್ಬ ಮೂಲನಿವಾಸಿ ಕಲಾವಿದರನ್ನು ಸಂಭಾವನೆ ಕೊಟ್ಟು ಕರೆಸೋಣ ಅಂತ ಹೇಳಿ. ನೆಂಟರಿಗೆ ಕೊಡಲು ಬೂಮರಾಂಗ್, ಮಗ್ ಕೊಳ್ಳುವಾಗಲೂ ಮಾಡಿದವರು ಯಾರು ಅಂತ ಕೇಳಿ. ಇಲ್ಲಿನ ಕೇಂದ್ರ ಸರ್ಕಾರದ ಸಲಹಾ ಸಂಸ್ಥೆಯಾದ ಪ್ರೊಡಕ್ಟಿವಿಟಿ ಕಮಿಷನ್ 2022ರ ವರದಿಯಲ್ಲಿ ಹೇಳಿರುವ ಪ್ರಕಾರ ಈ ಥರದ ಉಡುಗೊರೆ ಸಾಮಾನಿಗೆ ಜನ ಕೊಡುವ ದುಡ್ಡಿನಲ್ಲಿ ಅರ್ಧಕ್ಕೂ ಜಾಸ್ತಿ ನಕಲಿ ಮಾಲಿಗೇ ಹೋಗುತ್ತದೆ. ಗೋಡೆಯ ಚಿತ್ರವನ್ನು ನಿಮ್ಮ ಪವರ್‌ಪಾಯಿಂಟಿಗೆ, ಡಿಪಾರ್ಟ್‌ಮೆಂಟಿನ ಟೀ ಶರ್ಟಿಗೆ ಹಾಕುವ ಮೊದಲು ಅನುಮತಿ ಕೇಳಿ. ಆಸ್ಪತ್ರೆ ಗೋಡೆಯನ್ನು ಕೊಂಡಿದೆ, ಕಥೆಯನ್ನು ಕೊಂಡಿಲ್ಲ.

ಪರ್ತಿನವರಿಗೆ ಒಂದು ವಿಶೇಷ ಮಾತು. 1916ರಲ್ಲಿ ಶುರುವಾದ ಕಿಂಗ್ ಎಡ್ವರ್ಡ್ ಹೆರಿಗೆ ಆಸ್ಪತ್ರೆಯ ಬದಲಿಗೆ ಮರ್ಡಾಕಿನಲ್ಲಿ, ಫಿಯೋನಾ ಸ್ಟಾನ್ಲಿ ಆಸ್ಪತ್ರೆಯ ಆವರಣದಲ್ಲಿ ಹೊಸ ಹೆಂಗಸರ ಮತ್ತು ಶಿಶುಗಳ ಆಸ್ಪತ್ರೆ ಕಟ್ಟುವುದಾಗಿ ಸರ್ಕಾರ 2023ರಲ್ಲಿ ಘೋಷಿಸಿತು. ಒಂದು ಕಾಲದಲ್ಲಿ ಮಗುವನ್ನು ಕಳೆದುಕೊಳ್ಳುವ ಭಯದಲ್ಲಿ ಹೆತ್ತ ತಾಯಂದಿರ ಮೊಮ್ಮಕ್ಕಳು ಅಲ್ಲಿ ಹೆರಿಗೆಗೆ ಬರುತ್ತಾರೆ. ನಮ್ಮ ಹೆಣ್ಣುಮಕ್ಕಳೂ ಅಲ್ಲಿಗೇ ಬರುತ್ತಾರೆ. ಆ ಯೋಜನೆಯಲ್ಲಿ ಕೆಲಸ ಮಾಡುವ ಕನ್ನಡದವರು ಇದ್ದರೆ, ಅಥವಾ ಸಿಬ್ಬಂದಿಯ ಅಭಿಪ್ರಾಯ ಕೇಳುವ ಫಾರಂ ನಿಮ್ಮ ಕೈಗೆ ಬಂದರೆ, ಕಾರ್ ಪಾರ್ಕಿಂಗಿಗಿಂತ ಮೊದಲು ಈ ಪ್ರಶ್ನೆಗಳನ್ನು ಬರೆಯಿರಿ: ಕಟ್ಟಡದ ಗಾಜು, ನೆಲ, ಚಾವಣಿ, ಹೆರಿಗೆ ಕೋಣೆಯ ಗೋಡೆಗೆ ನೂಂಗಾರ್ ಹೆಂಗಸರ ಮಾತು ಕೇಳಿದ್ದೀರಾ? ಕಲಾವಿದರಿಗೆ ಕಾಪಿರೈಟ್ ಉಳಿಯುತ್ತದಾ? ಇಪ್ಪತ್ತು ವರ್ಷದ ನಿರ್ವಹಣೆಗೆ ದುಡ್ಡು ಇಟ್ಟಿದ್ದೀರಾ? ಗೋಡೆಗೆ ಡ್ರಿಲ್ ಹಾಕುವ ಮೊದಲು ಯಾರ ಒಪ್ಪಿಗೆ ಬೇಕು ಅಂತ ಕಟ್ಟಡದ ದಾಖಲೆಯಲ್ಲಿ ಬರೆದಿದ್ದೀರಾ?

ಇಂತಿ,
ಪರ್ತಿನಿಂದ ನಿಮ್ಮವಳೇ ಒಬ್ಬ ನರ್ಸ್